ಎಲೆಯನ್ನು ತೂಗಿ ಔಷಧಿ ಮಾಡಿದ ವಿಲಿಯಂ ವಿದರಿಂಗ್

ಮಕ್ಕಳೇ, ನಿಮಗೆ ನೆಗಡಿ ಕೆಮ್ಮು ಬಂದಾಗ ಮನೆಯಲ್ಲಿ ಏನು ಕೊಡುತ್ತಾರೆ? ತುಳಸಿ, ಶುಂಠಿ, ಕಾಳುಮೆಣಸು, ಜೀರಿಗೆ, ಬೆಲ್ಲ ಹಾಕಿ ಕುದಿಸಿದ ಕಷಾಯ ಕೊಡಬಹುದು. ದೊಡ್ಡಪತ್ರೆ ಎಲೆಯನ್ನು ಬಾಡಿಸಿ ರಸ ಹಿಂಡಿ ಕೊಡಬಹುದು. ಕುಡಿದ ಮೇಲೆ ಗಂಟಲಿಗೆ ಹಿತವೆನಿಸುತ್ತದೆ. ಈಗ ಒಂದು ಪ್ರಶ್ನೆ. ಕಷಾಯದಲ್ಲಿ ಐದಾರು ವಸ್ತುಗಳಿದ್ದವು. ಅವುಗಳಲ್ಲಿ ಕೆಲಸ ಮಾಡಿದ್ದು ಯಾವುದು? ಎಲ್ಲವೂ ಮಾಡಿದವೇ? ಒಂದೇ ಮಾಡಿತೇ? ಅಥವಾ ನೆಗಡಿ ತಾನಾಗಿಯೇ ವಾಸಿಯಾಯಿತೇ? ಇದನ್ನು ತಿಳಿಯುವುದು ಹೇಗೆ?

ಇಂಥದೇ ಪ್ರಶ್ನೆಯೊಂದು ಸುಮಾರು 250 ವರ್ಷಗಳ ಹಿಂದೆ ಇಂಗ್ಲೆಂಡಿನ ಒಬ್ಬ ವೈದ್ಯನಿಗೆ ಎದುರಾಯಿತು. ಉತ್ತರ ಹುಡುಕಲು ಆತ ಹತ್ತು ವರ್ಷ ದುಡಿದ. ಆ ದುಡಿಮೆಯಿಂದ ಹೃದ್ರೋಗಿಗಳಿಗೆ ಒಂದು ಅಮೂಲ್ಯ ಔಷಧಿ ದೊರೆಯಿತು. ಆ ವೈದ್ಯನೇ ವಿಲಿಯಂ ವಿದರಿಂಗ್.

ಸಸ್ಯಶಾಸ್ತ್ರ ಹಿಡಿಸದ ವಿದ್ಯಾರ್ಥಿ

ವಿದರಿಂಗ್ ಹುಟ್ಟಿದ್ದು 1741ರ ಮಾರ್ಚ್ 17ರಂದು, ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ವೆಲಿಂಗ್ಟನ್ ಎಂಬ ಊರಿನಲ್ಲಿ. ತಂದೆ ಔಷಧಿಗಳನ್ನು ತಯಾರಿಸಿ ಕೊಡುತ್ತಿದ್ದರು, ರೋಗಿಗಳಿಗೆ ಚಿಕಿತ್ಸೆಯನ್ನೂ ಮಾಡುತ್ತಿದ್ದರು. ಆದ್ದರಿಂದ ಸೀಸೆ, ಪುಡಿ, ತಕ್ಕಡಿಗಳ ನಡುವೆಯೇ ಹುಡುಗ ಬೆಳೆದ. 1762ರಲ್ಲಿ ವೈದ್ಯಕೀಯ ಓದಲು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸೇರಿದ. 1766ರಲ್ಲಿ ಪದವಿ ಪಡೆದ.

ಆ ಕಾಲದಲ್ಲಿ ಬಹುತೇಕ ಔಷಧಿಗಳು ಗಿಡಮೂಲಿಕೆಗಳಿಂದಲೇ ಬರುತ್ತಿದ್ದವು. ಹಾಗಾಗಿ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಬೇಕಿತ್ತು. ಆದರೆ ವಿದರಿಂಗ್‌ಗೆ ಆ ವಿಷಯ ಸ್ವಲ್ಪವೂ ಹಿಡಿಸಿರಲಿಲ್ಲ! ಮುಂದೆ ಸಸ್ಯವೊಂದರಿಂದಲೇ ಹೆಸರಾಗುವ ವ್ಯಕ್ತಿ ಇವನೇ ಎಂದು ಆಗ ಯಾರೂ ಊಹಿಸಿರಲಾರರು.

ಓದು ಮುಗಿಸಿ ಆತ ಸ್ಟಾಫರ್ಡ್ ಎಂಬ ಪಟ್ಟಣದಲ್ಲಿ ವೈದ್ಯವೃತ್ತಿ ಆರಂಭಿಸಿದ. ಅಲ್ಲಿ ಚಿಕಿತ್ಸೆಗೆ ಬಂದವರಲ್ಲಿ ಹೆಲೆನಾ ಕುಕ್ಸ್ ಎಂಬ ಯುವತಿಯೂ ಒಬ್ಬಳು. ಆಕೆಗೆ ಹೂಗಳ ಚಿತ್ರ ಬರೆಯುವುದೆಂದರೆ ಬಲು ಇಷ್ಟ. ಆಕೆಗಾಗಿ ವಿದರಿಂಗ್ ಹೊಲ, ಬೇಲಿ, ಕಾಡಂಚು ಅಲೆದು ಹೂಗಿಡಗಳನ್ನು ತಂದುಕೊಡತೊಡಗಿದ. ತರುವಾಗ ಅವುಗಳನ್ನು ಗಮನಿಸಿ ನೋಡಿದ. ನೋಡುತ್ತ ನೋಡುತ್ತ ಗಿಡಗಳ ಮೇಲೆ ಆಸಕ್ತಿ ಬೆಳೆಯಿತು. 1772ರಲ್ಲಿ ಇಬ್ಬರೂ ಮದುವೆಯಾದರು. 1776ರ ವೇಳೆಗೆ ಬ್ರಿಟನ್ನಿನಲ್ಲಿ ಬೆಳೆಯುವ ಸಸ್ಯಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಆತ ಇಂಗ್ಲಿಷಿನಲ್ಲಿ ಪ್ರಕಟಿಸಿದ.

ಅಜ್ಜಿಯ ಗುಟ್ಟಿನ ಮದ್ದು

1775ರಲ್ಲಿ ವಿದರಿಂಗ್ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದು ನೆಲೆಸಿದ. ಅದೇ ವರ್ಷ ಯಾರೋ ಆತನಿಗೆ ಒಂದು ಮನೆಮದ್ದಿನ ವಿವರ ತೋರಿಸಿ ಅಭಿಪ್ರಾಯ ಕೇಳಿದರು. ಶ್ರಾಪ್‌ಷೈರಿನ ಅಜ್ಜಿಯೊಬ್ಬಳು ಅದನ್ನು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿದ್ದಳಂತೆ. ಡ್ರಾಪ್ಸಿ ಎಂಬ ಕಾಯಿಲೆಗೆ ಅದು ಮದ್ದು. ಓದಿದ ವೈದ್ಯರು ಕೈಚೆಲ್ಲಿದ ರೋಗಿಗಳೂ ಅಜ್ಜಿಯ ಮದ್ದಿನಿಂದ ಕೆಲವೊಮ್ಮೆ ಗುಣವಾಗುತ್ತಿದ್ದರಂತೆ.

ಡ್ರಾಪ್ಸಿ ಎಂದರೇನು? ಮೈಯಲ್ಲಿ ನೀರು ತುಂಬಿಕೊಂಡು ಊದಿಕೊಳ್ಳುವುದು. ಮೊದಲು ಪಾದ ಊದುತ್ತದೆ. ಊದಿದ ಜಾಗವನ್ನು ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ. ಆಮೇಲೆ ಕಾಲು, ಹೊಟ್ಟೆ ಊದುತ್ತವೆ. ಹೊಟ್ಟೆಯಲ್ಲಿ ನೀರು ತುಂಬುವುದನ್ನು ನಮ್ಮಲ್ಲಿ ಜಲೋದರ ಎನ್ನುತ್ತಾರೆ. ಉಸಿರಾಡುವುದೇ ಕಷ್ಟವಾಗುತ್ತದೆ. ಮಲಗಲು ಆಗದೆ ರೋಗಿ ರಾತ್ರಿಯೆಲ್ಲ ಕುಳಿತೇ ಇರಬೇಕಾಗುತ್ತದೆ. ಆ ಕಾಲದಲ್ಲಿ ಇದಕ್ಕೆ ಸರಿಯಾದ ಔಷಧಿ ಇರಲಿಲ್ಲ. ಎಷ್ಟೋ ಜನ ಸಾಯುತ್ತಿದ್ದರು.

ಇನ್ನು ಅಜ್ಜಿಯ ಮದ್ದಿನ ಗುಣ ಹೇಗಿತ್ತು ಗೊತ್ತೇ? ಕುಡಿದವರಿಗೆ ಜೋರಾಗಿ ವಾಂತಿ, ಭೇದಿ ಆಗುತ್ತಿತ್ತು. ಅದರೊಂದಿಗೆ ಮೂತ್ರವೂ ಹೆಚ್ಚಾಗಿ ಹೋಗಿ ಮೈಯ ನೀರು ಇಳಿಯುತ್ತಿತ್ತು. ವಾಂತಿ ಭೇದಿಗಳ ಗದ್ದಲದಲ್ಲಿ ಈ ಮುಖ್ಯ ಸಂಗತಿಯನ್ನು ಯಾರೂ ಗಮನಿಸಿರಲಿಲ್ಲ.

ಆ ಅಜ್ಜಿಯ ಹೆಸರು ಏನು ಎಂದು ವಿದರಿಂಗ್ ಬರೆದಿಡಲಿಲ್ಲ. ಕೆಲವು ಪುಸ್ತಕಗಳಲ್ಲಿ ಆಕೆಗೆ ಒಂದು ಹೆಸರೂ ಒಂದು ಚಿತ್ರವೂ ಇರುತ್ತವೆ. ಅವು 20ನೇ ಶತಮಾನದಲ್ಲಿ ಜಾಹೀರಾತಿಗಾಗಿ ಕಲ್ಪಿಸಿಕೊಂಡವು.

ಇಪ್ಪತ್ತರಲ್ಲಿ ಒಂದು

ಅಜ್ಜಿಯ ಮದ್ದಿನಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಮೂಲಿಕೆಗಳಿದ್ದವು. ಬೇರೆ ವೈದ್ಯರಾಗಿದ್ದರೆ ಅಷ್ಟನ್ನೂ ಹಾಗೆಯೇ ಬಳಸುತ್ತಿದ್ದರೋ ಅಥವಾ ಹಳ್ಳಿ ಮದ್ದು ಎಂದು ತಳ್ಳಿಹಾಕುತ್ತಿದ್ದರೋ ಏನೋ. ವಿದರಿಂಗ್ ಎರಡನ್ನೂ ಮಾಡಲಿಲ್ಲ. ಪಟ್ಟಿಯನ್ನು ನಿಧಾನವಾಗಿ ನೋಡಿದ. ಆತನಿಗೆ ಈಗ ಗಿಡಗಳ ಪರಿಚಯ ಚೆನ್ನಾಗಿತ್ತಲ್ಲ! ಇಷ್ಟೊಂದು ಪ್ರಬಲವಾಗಿ ಕೆಲಸ ಮಾಡಬಲ್ಲ ಗಿಡ ಆ ಪಟ್ಟಿಯಲ್ಲಿ ಒಂದೇ ಒಂದು ಎಂದು ಆತನಿಗೆ ಹೊಳೆಯಿತು. ಅದು ಫಾಕ್ಸ್‌ಗ್ಲೋವ್.

ಫಾಕ್ಸ್‌ಗ್ಲೋವ್ ಎಂದರೆ ನರಿಯ ಕೈಗವಸು. ಇದು ಯೂರೋಪಿನ ಕಾಡಂಚಿನಲ್ಲಿ, ಬೇಲಿ ಬದಿಯಲ್ಲಿ ಬೆಳೆಯುವ ಗಿಡ. ಮೊದಲ ವರ್ಷ ನೆಲಕ್ಕೆ ಅಂಟಿಕೊಂಡಂತೆ ಬರೀ ಎಲೆ ಬಿಡುತ್ತದೆ. ಎರಡನೆಯ ವರ್ಷ ಉದ್ದನೆಯ ಕಡ್ಡಿಯೊಂದು ಮೇಲೆದ್ದು, ಅದರ ತುಂಬ ಗಂಟೆಯಾಕಾರದ ನೇರಳೆ ಗುಲಾಬಿ ಬಣ್ಣದ ಹೂಗಳು ತೂಗಾಡುತ್ತವೆ. ಒಂದೊಂದು ಹೂವೂ ಬೆರಳಿಗೆ ತೊಡಿಸುವ ಟೋಪಿಯಂತೆ ಕಾಣುತ್ತದೆ. ಅದಕ್ಕೇ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ ಎಂಬ ವಿದ್ವಾಂಸ 1542ರಲ್ಲಿ ಅದಕ್ಕೆ ಡಿಜಿಟಾಲಿಸ್ ಎಂಬ ಹೆಸರು ಕೊಟ್ಟಿದ್ದ. ಲ್ಯಾಟಿನ್ ಭಾಷೆಯಲ್ಲಿ ಡಿಜಿಟಸ್ ಎಂದರೆ ಬೆರಳು. ಇದರ ಪೂರ್ಣ ವೈಜ್ಞಾನಿಕ ಹೆಸರು ಡಿಜಿಟಾಲಿಸ್ ಪರ್ಪ್ಯೂರಿಯ.

ನೋಡಲು ಇಷ್ಟು ಚೆಂದದ ಗಿಡ ಬಲು ವಿಷಕಾರಿ! ಎಲೆ, ಹೂ, ಬೀಜ ಎಲ್ಲದರಲ್ಲೂ ವಿಷವಿದೆ. ಪ್ರಾಣ ತೆಗೆಯಬಲ್ಲ ಈ ಗಿಡದಿಂದಲೇ ಪ್ರಾಣ ಉಳಿಸಬಹುದೇ? ಇದೇ ವಿದರಿಂಗ್‌ನ ಮುಂದಿದ್ದ ಸವಾಲು.

ಎಷ್ಟು? ಯಾವಾಗ? ಯಾರಿಗೆ?

ವಿದರಿಂಗ್ ದಿನಕ್ಕೆ ಒಂದು ಗಂಟೆ ಬಡವರಿಗೆ ಉಚಿತವಾಗಿ ಚಿಕಿತ್ಸೆ ಮಾಡುತ್ತಿದ್ದ. ಹಾಗೆ ಬರುವವರ ಸಂಖ್ಯೆ ವರ್ಷಕ್ಕೆ ಎರಡು ಮೂರು ಸಾವಿರ. ಅವರಲ್ಲಿ ಡ್ರಾಪ್ಸಿ ಇದ್ದವರಿಗೆ ಫಾಕ್ಸ್‌ಗ್ಲೋವ್ ಕೊಟ್ಟು ನೋಡಿದ. ಮೂತ್ರ ಹೆಚ್ಚಾಗಿ ಹೋಗಿ ಊತ ಇಳಿಯಿತು. ಗಿಡದ ಶಕ್ತಿ ನಿಜವೆಂದು ಗೊತ್ತಾಯಿತು.

ಆದರೆ ಮೊದಮೊದಲು ಆತ ಕೊಡುತ್ತಿದ್ದ ಪ್ರಮಾಣ ಅತಿಯಾಗಿತ್ತು. ಬಹಳ ದಿನ ಕೊಡುತ್ತಲೂ ಇದ್ದ. ಆಗ ಬಳಕೆಯಲ್ಲಿದ್ದ ಇನ್ನೊಂದು ಮೂತ್ರವರ್ಧಕ ಮೂಲಿಕೆ ವಾಕರಿಕೆ ಬರುವಷ್ಟು ಕೊಟ್ಟರೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಇದೂ ಹಾಗೆಯೇ ಇರಬೇಕೆಂದು ಆತ ಭಾವಿಸಿದ್ದ. ಪರಿಣಾಮವಾಗಿ ರೋಗಿಗಳು ನರಳಿದರು. ಒಂದು ಔಷಧಿಯನ್ನು ನೋಡಿ ಇನ್ನೊಂದರ ಗುಣವನ್ನು ಊಹಿಸಬಾರದು ಎಂಬುದು ಆತನಿಗೆ ಅರ್ಥವಾಯಿತು. ಈ ತಪ್ಪನ್ನು ಮುಚ್ಚಿಡದೆ ಮುಂದೆ ತನ್ನ ಪುಸ್ತಕದಲ್ಲಿ ಬರೆದ.

ಆ ನಡುವೆ ಒಂದು ಸುದ್ದಿ ಬಂತು. ಆಕ್ಸ್‌ಫರ್ಡಿನ ಕಾಲೇಜೊಂದರ ಮುಖ್ಯಸ್ಥರು ಫಾಕ್ಸ್‌ಗ್ಲೋವ್ ಬೇರು ತಿಂದು ಡ್ರಾಪ್ಸಿಯಿಂದ ಗುಣವಾಗಿದ್ದರು. ಇದರಿಂದ ವಿದರಿಂಗ್‌ನ ಉತ್ಸಾಹ ಹೆಚ್ಚಿತು. ಆದರೆ ಬೇರನ್ನು ಬಳಸಬೇಕೋ, ಎಲೆಯನ್ನೋ? ಬೇರಿನ ಶಕ್ತಿ ಋತುವಿಗೆ ತಕ್ಕಂತೆ ಬದಲಾಗುತ್ತದೆಂದು ಯೋಚಿಸಿ ಆತ ಎಲೆಯನ್ನೇ ಆರಿಸಿಕೊಂಡ. ಎಲೆಯನ್ನಾದರೂ ಯಾವಾಗ ಕೀಳಬೇಕು? ಒಮ್ಮೆ ಎಳೆಯ ಎಲೆ, ಇನ್ನೊಮ್ಮೆ ಬಲಿತ ಎಲೆ ಕಿತ್ತರೆ ಔಷಧಿಯ ಬಲ ಒಂದೇ ಸಮ ಇರುವುದಿಲ್ಲವಲ್ಲ! ಹಾಗಾಗಿ ಗಿಡ ಹೂ ಬಿಡಲು ಆರಂಭಿಸುವ ಸಮಯದಲ್ಲೇ ಕೀಳಬೇಕೆಂದು ನಿಶ್ಚಯಿಸಿದ.

ಎಲೆಯನ್ನು ನೀರಿನಲ್ಲಿ ಕುದಿಸಿ ಕಷಾಯ ಮಾಡಿ ನೋಡಿದ. ಬಿಸಿನೀರಿನಲ್ಲಿ ನೆನೆಸಿ ನೋಡಿದ. ಕೊನೆಗೆ ಒಣಗಿಸಿ ಪುಡಿ ಮಾಡಿದ. ಪುಡಿಯಾದರೆ ತಕ್ಕಡಿಯಲ್ಲಿಟ್ಟು ತೂಗಬಹುದು. ತೂಗಿದರೆ ಇಂದು ಕೊಟ್ಟಷ್ಟನ್ನೇ ನಾಳೆಯೂ ಕೊಡಬಹುದು. ಆತ ಬಳಸಿದ ತೂಕದ ಹೆಸರು ಗ್ರೇನ್, ಅಂದರೆ ಕಾಳು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯ ಹೆಚ್ಚು ಕಡಿಮೆ ಅರ್ಧದಷ್ಟು! ಅಂಥ ಒಂದೆರಡು ಗ್ರೇನ್‌ಗಳಲ್ಲೇ ಗುಣವೂ ಇತ್ತು, ಅಪಾಯವೂ ಇತ್ತು.

ಅಪಾಯದ ಲಕ್ಷಣಗಳನ್ನು ವಿದರಿಂಗ್ ಒಂದೊಂದಾಗಿ ಪಟ್ಟಿ ಮಾಡಿದ. ವಾಕರಿಕೆ, ವಾಂತಿ, ಭೇದಿ, ತಲೆಸುತ್ತು. ಕಣ್ಣಿಗೆ ಕಾಣುವ ವಸ್ತುಗಳೆಲ್ಲ ಹಳದಿಯಾಗಿ ಅಥವಾ ಹಸಿರಾಗಿ ತೋರುವುದು. ನಾಡಿ ನಿಧಾನವಾಗುವುದು. ಸಾಮಾನ್ಯವಾಗಿ ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಈ ಮದ್ದು ಅತಿಯಾದರೆ ಅದು 35ಕ್ಕೂ ಇಳಿಯಬಹುದೆಂದು ಆತ ಗುರುತಿಸಿದ. ಅಲ್ಲಿಗೂ ನಿಲ್ಲಿಸದಿದ್ದರೆ ಸಾವು.

ಇದೆಲ್ಲವನ್ನೂ ನೋಡಿ ಆತ ಒಂದು ನಿಯಮ ಮಾಡಿಕೊಂಡ. ಸ್ವಲ್ಪ ಪ್ರಮಾಣದಿಂದ ಆರಂಭಿಸಬೇಕು. ರೋಗಿಯ ಮೂತ್ರ, ಹೊಟ್ಟೆ, ನಾಡಿ, ಭೇದಿ ಈ ನಾಲ್ಕನ್ನೂ ಗಮನಿಸುತ್ತಿರಬೇಕು. ಯಾವುದಾದರೂ ಒಂದರಲ್ಲಿ ಬದಲಾವಣೆ ಕಂಡ ಕೂಡಲೇ ಮದ್ದು ನಿಲ್ಲಿಸಬೇಕು. ಅಜ್ಜಿಯ ಮದ್ದು ಕುಡಿದವರಿಗೆ ಆಗುತ್ತಿದ್ದ ಆ ಭಯಂಕರ ವಾಂತಿ ಭೇದಿ ಗುಣವಾಗಲು ಬೇಕಾಗಿಯೇ ಇರಲಿಲ್ಲ. ಅದು ಮದ್ದು ಹೆಚ್ಚಾಯಿತೆಂಬ ಎಚ್ಚರಿಕೆಯಾಗಿತ್ತು!

ಸೋಲನ್ನೂ ಬರೆದಿಟ್ಟ ಪುಸ್ತಕ

ಬರ್ಮಿಂಗ್‌ಹ್ಯಾಮಿನಲ್ಲಿ ಆಗ ವಿಜ್ಞಾನದಲ್ಲಿ ಆಸಕ್ತಿಯುಳ್ಳವರ ಒಂದು ಗೆಳೆಯರ ಬಳಗವಿತ್ತು. ಹುಣ್ಣಿಮೆಯ ಆಸುಪಾಸಿನಲ್ಲಿ ಅವರು ಸೇರುತ್ತಿದ್ದರು. ಬೀದಿದೀಪಗಳಿಲ್ಲದ ಕಾಲವಲ್ಲವೇ? ಸಭೆ ಮುಗಿಸಿ ಬೆಳದಿಂಗಳಲ್ಲಿ ಮನೆಗೆ ಹೋಗಬಹುದಿತ್ತು. ಅದಕ್ಕೇ ಅದರ ಹೆಸರು ಲೂನಾರ್ ಸೊಸೈಟಿ, ಅಂದರೆ ಚಂದ್ರನ ಸಂಘ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್, ಆಮ್ಲಜನಕವನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಜೋಸೆಫ್ ಪ್ರೀಸ್ಟ್ಲಿ, ವೈದ್ಯ ಎರಾಸ್ಮಸ್ ಡಾರ್ವಿನ್ ಇದರ ಸದಸ್ಯರು. ಈ ಡಾರ್ವಿನ್ ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ನ ತಾತ. ವಿದರಿಂಗ್ ಕೂಡ ಈ ಬಳಗದವನೇ.

ಆದರೆ ಗೆಳೆತನದಲ್ಲೂ ಬಿರುಕು ಬಂತು. ಫಾಕ್ಸ್‌ಗ್ಲೋವ್ ಬಳಕೆಯನ್ನು ಎರಾಸ್ಮಸ್ ಡಾರ್ವಿನ್ ತಿಳಿದದ್ದು ವಿದರಿಂಗ್‌ನಿಂದ. ಆದರೂ 1780ರಲ್ಲಿ ಆತ ವಿದರಿಂಗ್‌ನ ಹೆಸರನ್ನೇ ಹೇಳದೆ ಅದರ ಬಗ್ಗೆ ಪ್ರಕಟಿಸಿದ. ವಿದರಿಂಗ್‌ಗೆ ಇದರಿಂದ ನೋವಾಯಿತು. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಫಾಕ್ಸ್‌ಗ್ಲೋವ್ ಸುದ್ದಿ ಊರೂರಿಗೆ ಹಬ್ಬುತ್ತಿತ್ತು. ಸರಿಯಾದ ಪ್ರಮಾಣ ತಿಳಿಯದ ವೈದ್ಯರು ಮನಸ್ಸಿಗೆ ಬಂದಷ್ಟು ಕೊಟ್ಟರೆ ರೋಗಿಗಳು ಸಾಯುತ್ತಾರೆ. ಆಗ ಜನ ಹೆದರಿ ಈ ಒಳ್ಳೆಯ ಔಷಧಿಯನ್ನೇ ದೂರ ಮಾಡುತ್ತಾರೆ. ಆದ್ದರಿಂದ ತನಗೆ ತಿಳಿದಷ್ಟನ್ನು ಬರೆಯಲೇಬೇಕೆಂದು ಆತ ನಿರ್ಧರಿಸಿದ.

1785ರಲ್ಲಿ ಫಾಕ್ಸ್‌ಗ್ಲೋವ್ ಕುರಿತ ಆತನ ಪುಸ್ತಕ ಹೊರಬಂತು. ಹತ್ತು ವರ್ಷಗಳಲ್ಲಿ ತಾನೇ ನೋಡಿದ 163 ರೋಗಿಗಳ ವಿವರ ಅದರಲ್ಲಿದೆ. ಗಿಡವನ್ನು ಸರಿಯಾಗಿ ಗುರುತಿಸಲೆಂದು ಬಣ್ಣದ ಚಿತ್ರವೂ ಇದೆ. ಈ ಪುಸ್ತಕದ ಹೆಚ್ಚುಗಾರಿಕೆ ಏನು ಗೊತ್ತೇ? ಗುಣವಾದವರ ಕಥೆಗಳನ್ನು ಮಾತ್ರ ಆರಿಸಿ ಬರೆದಿದ್ದರೆ ಆತನಿಗೆ ಸುಲಭವಾಗಿ ಹೊಗಳಿಕೆ ಸಿಗುತ್ತಿತ್ತು. ಆದರೆ ಆತ ಹಾಗೆ ಮಾಡಲಿಲ್ಲ. ಔಷಧಿಯಿಂದ ಗುಣ ಕಾಣದವರು, ಅತಿಯಾಗಿ ಕೊಟ್ಟು ತೊಂದರೆಗೆ ಒಳಗಾದವರು, ತೀರಿಕೊಂಡವರು ಎಲ್ಲರನ್ನೂ ಸೇರಿಸಿದ.

ಸೋಲನ್ನೂ ಬರೆದಿಟ್ಟದ್ದರಿಂದಲೇ ಒಂದು ಮುಖ್ಯ ಸಂಗತಿ ಹೊರಬಿತ್ತು. ಗಟ್ಟಿಮುಟ್ಟಾದ ಮೈಕಟ್ಟಿನ, ನಾಡಿ ಬಿಗಿಯಾಗಿದ್ದ ರೋಗಿಗಳಿಗೆ ಈ ಮದ್ದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಯಾರ ನಾಡಿ ದುರ್ಬಲವಾಗಿ, ತಪ್ಪಿ ತಪ್ಪಿ ಬಡಿಯುತ್ತಿತ್ತೋ, ಯಾರ ಮುಖ ಬಿಳಿಚಿ ತುಟಿ ನೀಲಿಗಟ್ಟಿತ್ತೋ ಅಂಥವರಿಗೆ ಚೆನ್ನಾಗಿ ಹಿಡಿಸುತ್ತಿತ್ತು. ಈ ಗಿಡಕ್ಕೆ ಹೃದಯದ ಬಡಿತದ ಮೇಲೆ ವಿಶೇಷ ಹಿಡಿತವಿದೆ ಎಂದೂ ಆತ ಗುರುತಿಸಿದ.

ರಹಸ್ಯ ಹೃದಯದಲ್ಲಿತ್ತು

ಡ್ರಾಪ್ಸಿಗೂ ಹೃದಯಕ್ಕೂ ಏನು ಸಂಬಂಧ? ವಿದರಿಂಗ್‌ನ ಕಾಲದಲ್ಲಿ ಇದು ಸ್ಪಷ್ಟವಾಗಿರಲಿಲ್ಲ. ಇಂದು ನಮಗೆ ತಿಳಿದಿದೆ. ಹೃದಯವೊಂದು ಪಂಪು. ಅದು ದುರ್ಬಲವಾದರೆ ರಕ್ತವನ್ನು ಸರಿಯಾಗಿ ಮುಂದಕ್ಕೆ ತಳ್ಳಲಾರದು. ರಕ್ತ ಹಿಂದೆಯೇ ತುಂಬಿಕೊಂಡು ಅದರಲ್ಲಿನ ನೀರಿನಂಶ ಸೂಕ್ಷ್ಮ ರಕ್ತನಾಳಗಳಿಂದ ಹೊರಗೆ ಜಿನುಗುತ್ತದೆ. ಕಾಲು ಊದುತ್ತದೆ. ಇದನ್ನು ಹೃದಯ ವೈಫಲ್ಯ ಎನ್ನುತ್ತಾರೆ. ಡ್ರಾಪ್ಸಿ ಒಂದು ಕಾಯಿಲೆಯಲ್ಲ, ಬೇರೆ ಕಾಯಿಲೆಗಳ ಲಕ್ಷಣ. ಮೂತ್ರಪಿಂಡ ಅಥವಾ ಯಕೃತ್ತು ಕೆಟ್ಟರೂ ಊತ ಬರಬಹುದು. ಹೃದಯದಿಂದ ಊತ ಬಂದವರಿಗೆ ಮಾತ್ರ ಫಾಕ್ಸ್‌ಗ್ಲೋವ್ ಚೆನ್ನಾಗಿ ಹಿಡಿಸುತ್ತಿದ್ದುದು ಏಕೆಂದು ಈಗ ಗೊತ್ತಾಯಿತಲ್ಲ?

ಎಲೆಯಲ್ಲಿರುವ ರಾಸಾಯನಿಕ ಹೃದಯದ ಸ್ನಾಯುವಿನ ಕೋಶಗಳಲ್ಲಿ ಕ್ಯಾಲ್ಸಿಯಂ ಹೆಚ್ಚುವಂತೆ ಮಾಡುತ್ತದೆ. ಆಗ ಸ್ನಾಯು ಬಲವಾಗಿ ಸಂಕುಚಿಸುತ್ತದೆ. ಜೊತೆಗೆ ಅತಿ ವೇಗದ ಬಡಿತ ನಿಧಾನವಾಗುತ್ತದೆ. ರಕ್ತಸಂಚಾರ ಸುಧಾರಿಸಿದರೆ ಮೂತ್ರಪಿಂಡಗಳಿಗೆ ಹೆಚ್ಚು ರಕ್ತ ಹೋಗಿ, ಮೂತ್ರವಾಗಿ ನೀರು ಹೊರಬರುತ್ತದೆ.

ವಿದರಿಂಗ್‌ಗೆ ಕೊನೆಯ ವರ್ಷಗಳಲ್ಲಿ ಶ್ವಾಸಕೋಶದ ಕಾಯಿಲೆ ಬಾಧಿಸಿತು. ಚಳಿ ತಪ್ಪಿಸಿಕೊಳ್ಳಲು ಎರಡು ಚಳಿಗಾಲಗಳನ್ನು ಪೋರ್ಚುಗಲ್‌ನಲ್ಲಿ ಕಳೆದ. 1799ರ ಅಕ್ಟೋಬರ್ 6ರಂದು ತೀರಿಕೊಂಡ. ಆತನ ಸ್ಮಾರಕದ ಕಲ್ಲಿನಲ್ಲಿ ಫಾಕ್ಸ್‌ಗ್ಲೋವ್ ಹೂವನ್ನು ಕೆತ್ತಲಾಗಿದೆ. ಖನಿಜಗಳಲ್ಲೂ ಆತನಿಗೆ ಆಸಕ್ತಿಯಿತ್ತು. ಬೇರಿಯಂ ಕಾರ್ಬನೇಟ್ ಇರುವ ಖನಿಜವೊಂದಕ್ಕೆ ಆತನ ನೆನಪಿಗಾಗಿ ವಿದರೈಟ್ ಎಂಬ ಹೆಸರಿದೆ.

ಆತನ ನಂತರ ಅನೇಕ ವೈದ್ಯರು ಆತನ ಎಚ್ಚರಿಕೆಯನ್ನು ಮರೆತರು. ಬೇಡದ ಕಾಯಿಲೆಗಳಿಗೂ ಫಾಕ್ಸ್‌ಗ್ಲೋವ್ ಕೊಟ್ಟರು, ಅತಿಯಾಗಿ ಕೊಟ್ಟರು. ಆಮೇಲೆ ರಸಾಯನ ವಿಜ್ಞಾನ ನೆರವಿಗೆ ಬಂತು. 1875ರಲ್ಲಿ ಎಲೆಯಿಂದ ಡಿಜಿಟಾಕ್ಸಿನ್ ಎಂಬ ಶುದ್ಧ ವಸ್ತುವನ್ನು ಬೇರ್ಪಡಿಸಲಾಯಿತು. 1930ರಲ್ಲಿ ಫಾಕ್ಸ್‌ಗ್ಲೋವ್‌ನ ಸೋದರ ಜಾತಿಯಾದ ಡಿಜಿಟಾಲಿಸ್ ಲನಾಟದಿಂದ ಡಿಗಾಕ್ಸಿನ್ ದೊರೆಯಿತು. ಸಾಮಾನ್ಯವಾಗಿ ಸಿಗುವ ಡಿಗಾಕ್ಸಿನ್ ಮಾತ್ರೆಯೊಂದರಲ್ಲಿ ಇರುವ ಔಷಧಿ ಕೇವಲ ಕಾಲು ಮಿಲಿಗ್ರಾಂ. ಒಂದು ಗ್ರಾಂನಿಂದ ಅಂಥ 4000 ಮಾತ್ರೆ ಮಾಡಬಹುದು! ಹೃದಯ ವೈಫಲ್ಯಕ್ಕೆ ಇಂದು ಬೇರೆ ಒಳ್ಳೆಯ ಔಷಧಿಗಳೂ ಬಂದಿವೆ. ಆದರೂ ಕೆಲವು ರೋಗಿಗಳಿಗೆ ವೈದ್ಯರು ಈಗಲೂ ಡಿಗಾಕ್ಸಿನ್ ಕೊಡುತ್ತಾರೆ.

ಹೀಗೆ ಜನರ ತಿಳಿವಳಿಕೆಯಿಂದ ಪ್ರಯೋಗಾಲಯಕ್ಕೆ ಬಂದ ಗಿಡ ಇದೊಂದೇ ಅಲ್ಲ. ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ರಕ್ತದೊತ್ತಡದ ಔಷಧಿಯಾಯಿತು. ಅಜ್ಜಿ ಅಜ್ಜಂದಿರ ಮಾತಿನಲ್ಲಿ ಸುಳಿವು ಇರಬಹುದು. ಆ ಸುಳಿವನ್ನು ಹಿಡಿದು ಯಾವ ಗಿಡ, ಯಾವ ಭಾಗ, ಎಷ್ಟು ಪ್ರಮಾಣ, ಯಾರಿಗೆ ಎಂದು ಪರೀಕ್ಷಿಸಿ, ಸೋಲು ಗೆಲುವು ಎರಡನ್ನೂ ಬರೆದಿಟ್ಟಾಗ ಮಾತ್ರ ಅದು ನಂಬಬಹುದಾದ ಔಷಧಿಯಾಗುತ್ತದೆ.

ಎಚ್ಚರಿಕೆ!

ಶಾಲೆಯ ಅಂಗಳದಲ್ಲಿ, ಹೆದ್ದಾರಿಯ ನಡುವೆ ನೀವು ಕಣಗಿಲೆ ಗಿಡ ನೋಡಿರುತ್ತೀರಿ. ಕೆಂಪು, ಬಿಳಿ ಹೂ ಬಿಡುವ ಕಣಗಿಲೆಯಲ್ಲೂ ಹಳದಿ ಕಣಗಿಲೆಯಲ್ಲೂ ಫಾಕ್ಸ್‌ಗ್ಲೋವ್‌ನಲ್ಲಿ ಇರುವಂಥದೇ ಹೃದಯದ ವಿಷವಿದೆ. ಅವುಗಳ ಎಲೆ, ಕಾಯಿ, ಬೀಜ ಯಾವುದನ್ನೂ ಬಾಯಿಗೆ ಇಡಬೇಡಿ. ಚಿಕ್ಕ ಮಕ್ಕಳೂ ಇಡದಂತೆ ನೋಡಿಕೊಳ್ಳಿ. ಗುಲಗಂಜಿ ಬೀಜವೂ ವಿಷವೇ. ಗಿಡದಿಂದ ಬಂದದ್ದೆಲ್ಲ ಒಳ್ಳೆಯದೇ ಎಂದು ತಿಳಿಯಬಾರದು. ಯಾರಾದರೂ ತಿಂದಿದ್ದರೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ದೊಡ್ಡವರಿಗೆ ತಿಳಿಸಿ.

ನೀವೂ ಮಾಡಿ

ನಿಮ್ಮ ಮನೆಯ, ನೆರೆಮನೆಯ ಹಿರಿಯರನ್ನು ಕೇಳಿ ಹತ್ತು ಮನೆಮದ್ದುಗಳನ್ನು ನೋಟ್ ಪುಸ್ತಕದಲ್ಲಿ ಪಟ್ಟಿ ಮಾಡಿ. ಗಿಡದ ಹೆಸರು, ಬಳಸುವ ಭಾಗ, ಕೀಳುವ ಕಾಲ, ಪ್ರಮಾಣ, ಯಾವ ತೊಂದರೆಗೆ, ಗುಣ ಕಾಣದಿದ್ದರೆ ಏನು ಮಾಡುತ್ತಾರೆ ಎಂದು ಆರು ಕಲಮುಗಳಿರಲಿ. ಇಬ್ಬರು ಹಿರಿಯರು ಒಂದೇ ಮದ್ದಿಗೆ ಬೇರೆ ಬೇರೆ ಪ್ರಮಾಣ ಹೇಳಿದರೆ ಎರಡನ್ನೂ ಬರೆಯಿರಿ. ಯಾವ ಕಲಮು ಹೆಚ್ಚಾಗಿ ಖಾಲಿ ಉಳಿಯಿತು ನೋಡಿ. ಅದು ಏಕೆ ಖಾಲಿ ಉಳಿಯಿತೆಂದು ತರಗತಿಯಲ್ಲಿ ಶಿಕ್ಷಕರೊಂದಿಗೆ ಚರ್ಚಿಸಿ. ಆದರೆ ನೆನಪಿರಲಿ, ಇದು ಬರೆಯುವ ಚಟುವಟಿಕೆ ಮಾತ್ರ. ಯಾವ ಮದ್ದನ್ನೂ ನೀವಾಗಿಯೇ ತಯಾರಿಸಿ ಕುಡಿಯಬೇಡಿ!